ಇದು ಯಾವ ಆನೆ, ಮಿಸ್?

ಯುವಕೂಟದಲ್ಲಿ ಸಿಕ್ಕಾಗಲೆಲ್ಲ ಕೇಳುತ್ತೀರಿ, "ಟೀಚರಮ್ಮ, ಮೊದಲ ಕ್ಲಾಸ್ ಹೇಗಿತ್ತು?" ಅಂತ. "ಚೆನ್ನಾಗಿತ್ತು" ಎಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಅದು ಪೂರ್ತಿ ನಿಜವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಡಿ.ಎಲ್.ಇಡಿ. ಓದುವವರು ಶಾಲೆಗೆ ಹೋಗಿ ಪಾಠ ಮಾಡಿ ತೋರಿಸಬೇಕು. ಅದಕ್ಕೆ ಬೋಧನಾಭ್ಯಾಸ ಅನ್ನುತ್ತಾರೆ. ನನಗೆ ಮಸಿನಗುಡಿ ಕಡೆಯ ಒಂದು ಪ್ರಾಥಮಿಕ ಶಾಲೆ ಸಿಕ್ಕಿತು. ಊಟಿಯಿಂದ ಕಲ್ಲಟ್ಟಿ ಘಟ್ಟದ 36 ತಿರುವು ಇಳಿದು ಬರುವಾಗ ಹೊಟ್ಟೆ ತೊಳಸಿದ್ದು ತಿರುವುಗಳಿಗೋ ಭಯಕ್ಕೋ ಗೊತ್ತಾಗಲಿಲ್ಲ. ಭಾನುವಾರದ ಉಪದೇಶ ತರಗತಿಯಲ್ಲಿ ಪುಟ್ಟ ಮಕ್ಕಳಿಗೆ ಕಥೆ ಹೇಳಿ ಅಭ್ಯಾಸವಿತ್ತು, ನಿಜ. ಆದರೆ ಅಲ್ಲಿ ಹಿಂದಿನ ಬೆಂಚಿನಲ್ಲಿ ಯಾರೂ ಪುಸ್ತಕ ಹಿಡಿದು ನನ್ನ ತಪ್ಪು ಬರೆದುಕೊಳ್ಳುವುದಿಲ್ಲ.

ಮೂರನೇ ತರಗತಿ. ಪಾಠ: ಕಾಡುಪ್ರಾಣಿಗಳು, ಸಾಕುಪ್ರಾಣಿಗಳು. ಇದಕ್ಕಿಂತ ಸುಲಭದ್ದು ಇದೆಯೇ ಅಂದುಕೊಂಡೆ. ಎರಡು ರಾತ್ರಿ ಕೂತು ಚಾರ್ಟ್ ಮಾಡಿದ್ದೆ. ನಡುವೆ ದಪ್ಪ ಗೆರೆ, ಎಡಕ್ಕೆ ಕಾಡು, ಬಲಕ್ಕೆ ಮನೆ. ಹನ್ನೆರಡು ಪ್ರಾಣಿಗಳ ಚಿತ್ರ ಕತ್ತರಿಸಿಟ್ಟಿದ್ದೆ. ಮಕ್ಕಳು ಒಬ್ಬೊಬ್ಬರೇ ಬಂದು ಅಂಟಿಸಬೇಕು. ಯಾವ ಪ್ರಶ್ನೆ ಎಷ್ಟನೇ ನಿಮಿಷಕ್ಕೆ ಎಂಬುದೂ ಪಾಠಯೋಜನೆಯಲ್ಲಿತ್ತು.

ನಮ್ಮ ಕಡೆಯ ತರಗತಿ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಒಂದು ಮಗುವಿನ ಮನೆಯಲ್ಲಿ ಕನ್ನಡ, ಇನ್ನೊಂದರ ಮನೆಯಲ್ಲಿ ಇರುಳ, ಪಕ್ಕದವನದು ಬಡಗ, ಹಿಂದಿನವಳದು ಮಲಯಾಳ. ಪಾಠ ಮಾತ್ರ ತಮಿಳಿನಲ್ಲಿ. ಹಸು ಬಂತು, ಹುಲಿ ಬಂತು, ಮೇಕೆ ಬಂತು. ಎಲ್ಲ ಸರಿಯಾಗಿ ನಡೆಯುತ್ತಿತ್ತು. ಆಮೇಲೆ ಕಿಟಕಿ ಪಕ್ಕದ ಹುಡುಗಿಯನ್ನು ಕರೆದು ಆನೆಯ ಚಿತ್ರ ಕೊಟ್ಟೆ.

ಅವಳು ಅಂಟಿಸಲಿಲ್ಲ. ಚಿತ್ರವನ್ನು ತಿರುಗಿಸಿ ನೋಡಿ ಕೇಳಿದಳು: "ಇದು ಯಾವ ಆನೆ, ಮಿಸ್?"

ಮಕ್ಕಳು ನಕ್ಕರು. ನಾನೂ ನಕ್ಕೆ. ಅದು ನನ್ನ ಮೊದಲ ತಪ್ಪು. "ಆನೆ ಅಂದರೆ ಆನೆ. ಎಲ್ಲಿರುತ್ತೆ ಅದು?" ಅಂದೆ.

"ರಿವಾಲ್ಡೋ ಆದ್ರೆ?" ಎಂದಳು, ಈ ಸಲ ಕನ್ನಡದಲ್ಲೇ, ಮೆಲ್ಲಗೆ.

ಗೋಡೆಯ ಗಡಿಯಾರ ನೋಡಿದೆ. ಇನ್ನೂ ಐದು ಚಿತ್ರ ಉಳಿದಿದ್ದವು. ಅವಳ ಕೈಯಿಂದ ಆನೆಯನ್ನು ತೆಗೆದುಕೊಂಡು ನಾನೇ ಎಡಗಡೆ ಅಂಟಿಸಿ, "ಹೋಗಿ ಕೂತ್ಕೋ" ಅಂದೆ. ಪಾಠ ಸಮಯಕ್ಕೆ ಸರಿಯಾಗಿ ಮುಗಿಯಿತು. ಅವಳು ಮತ್ತೆ ತಲೆ ಎತ್ತಲಿಲ್ಲ.

ಹಿಂದೆ ಕೂತಿದ್ದ ಕ್ಲಾಸ್ ಟೀಚರ್ ಚಾರ್ಟನ್ನು ಹೊಗಳಿದರು, ಅಕ್ಷರ ಚೆನ್ನಾಗಿದೆ ಅಂದರು. ಪುಸ್ತಕ ಮುಚ್ಚುತ್ತಾ ಒಂದೇ ಮಾತು ಹೇಳಿದರು: "ಆ ಮಗು ಕೇಳಿದ್ದಕ್ಕೆ ನೀವು ಉತ್ತರ ಕೊಡಲಿಲ್ಲ. ಅವಳ ತಾತ ತೆಪ್ಪಕಾಡಿನ ಕ್ಯಾಂಪಿನಲ್ಲಿ ಆನೆಗಳಿಗೆ ರಾಗಿ ಬೇಯಿಸುವವರು."

ಮನೆಗೆ ಬಂದು ಹೇಳಿದರೆ ಅಮ್ಮ ನನ್ನನ್ನೇ ಬೈದರು. "ಅವಳು ಕೇಳಿದ್ದರಲ್ಲಿ ಏನೇ ತಪ್ಪು? ರಿವಾಲ್ಡೋ ನಮ್ಮ ಹಿತ್ತಲಿಗೆ ಬಂದು ಹಲಸು ತಿಂದು ಹೋಗಿದ್ದು ಮರೆತೆಯಾ?"

ಮರೆತಿರಲಿಲ್ಲ. ಮಸಿನಗುಡಿಯವರು ಯಾರೂ ಮರೆಯುವುದಿಲ್ಲ. ಗಾಯದಿಂದ ಸೊಂಡಿಲ ತುದಿ ಕಳೆದುಕೊಂಡ ಆ ಗಂಡಾನೆ ಜನರು ಕೊಟ್ಟದ್ದನ್ನು ತಿನ್ನುತ್ತ ಮನೆಗಳ ನಡುವೆಯೇ ಓಡಾಡಿಕೊಂಡಿತ್ತು. 2021ರ ಮೇ ತಿಂಗಳಲ್ಲಿ ಅರಣ್ಯ ಇಲಾಖೆಯವರು ಹಣ್ಣಿನ ಆಸೆ ತೋರಿಸಿ ಅದನ್ನು ವಾಳೈತೋಟ್ಟಂ ಬಳಿ ಮರದ ದಿಮ್ಮಿಗಳ ಕ್ರಾಲ್‌ಗೆ ಸೇರಿಸಿದರು. ಆಗಸ್ಟಿನಲ್ಲಿ ಕೊರಳಿಗೆ ರೇಡಿಯೋ ಕಾಲರ್ ಕಟ್ಟಿ ದೂರದ ಕಾಡಿಗೆ ಬಿಟ್ಟರೆ, ಅದು ನಡೆದುಕೊಂಡು ಇಲ್ಲಿಗೇ ವಾಪಸ್ ಬಂತು! ಅದನ್ನು ಗೆರೆಯ ಯಾವ ಕಡೆ ಅಂಟಿಸುವುದು? ತೆಪ್ಪಕಾಡಿನ ರಘುವನ್ನು? ಅದೂ ತಾಯಿಯನ್ನು ಕಳೆದುಕೊಂಡ ಕಾಡಾನೆ ಮರಿ. ಬೊಮ್ಮನ್ ಮತ್ತು ಬೆಳ್ಳಿ ಅದನ್ನು ಸಾಕಿದ ಕಥೆಯ ಸಿನಿಮಾಕ್ಕೆ 2023ರಲ್ಲಿ ಆಸ್ಕರ್ ಬಂದಾಗ ನಾವೆಲ್ಲ ಸ್ಟೇಟಸ್ ಹಾಕಿಕೊಂಡಿದ್ದೆವಲ್ಲ. ಪಾಠ ಮಾಡುವಾಗ ಮಾತ್ರ ಇದೊಂದೂ ನನ್ನ ನೆನಪಿಗೆ ಬರಲಿಲ್ಲ.

ಆ ರಾತ್ರಿ ನೆನಪಾದದ್ದು ಬೇರೆ. ನಾನು ಒಂದನೇ ತರಗತಿಯಲ್ಲಿದ್ದಾಗ ಟೀಚರ್ ಒಂದು ಚಿತ್ರ ತೋರಿಸಿ ಇದೇನು ಎಂದು ಕೇಳಿದ್ದರು. ಎಲ್ಲರಿಗಿಂತ ಮೊದಲು ಎದ್ದು "ಹುಲಿ" ಅಂದೆ. ತಮಿಳಿನಲ್ಲಿ ಅದು "ಪುಲಿ". ಒಂದೇ ಅಕ್ಷರದ ವ್ಯತ್ಯಾಸ. ತರಗತಿಯೆಲ್ಲ ನಕ್ಕಿತು, ಟೀಚರೂ ನಕ್ಕರು. ಆ ವರ್ಷವೆಲ್ಲ ನಾನು ಮತ್ತೆ ಕೈ ಎತ್ತಲಿಲ್ಲ. ಈಗ ಅದನ್ನೇ ಇನ್ನೊಬ್ಬಳಿಗೆ ಮಾಡಿ ಬಂದಿದ್ದೆ. ಜಪಸರ ಹಿಡಿದು ಕೂತರೂ ಮನಸ್ಸು ನಿಲ್ಲಲಿಲ್ಲ.

ಮರುದಿನ ಕ್ಲಾಸ್ ಟೀಚರ್ ಹತ್ತಿರ ಹತ್ತು ನಿಮಿಷ ಕೇಳಿಕೊಂಡೆ. ಎಲ್ಲರ ಎದುರಿಗೇ ಹೇಳಿದೆ: "ನಿನ್ನೆ ಇವಳು ಒಳ್ಳೆ ಪ್ರಶ್ನೆ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ನಕ್ಕಿದ್ದು ನನ್ನ ತಪ್ಪು." ಅವಳು ಕರಗಿಬಿಟ್ಟಳು ಅಂದುಕೊಂಡಿರಾ? ಇಲ್ಲ. "ಈಗ ಹೇಳಮ್ಮ" ಅಂದರೆ "ಗೊತ್ತಿಲ್ಲ" ಎಂದು ಕಿಟಕಿ ಕಡೆ ತಿರುಗಿದಳು. ಉಳಿದವರು ಮಾತ್ರ ಬಿಡಲಿಲ್ಲ. ಜೇನುನೊಣ ಯಾವ ಕಡೆ ಎಂದು ಒಬ್ಬ ಕೇಳಿದ. ಹಾಗಾದರೆ ನಮ್ಮ ತೋಟಕ್ಕೆ ದಿನಾ ಬರುವ ನವಿಲು ಎಂದು ಇನ್ನೊಬ್ಬಳು. ಅಂಗಡಿ ಹಿಂದೆ ಕಸ ತಿನ್ನುವ ಕಾಡುಹಂದಿ? ಹೆಸರಲ್ಲೇ ಕಾಡು ಇದೆಯಲ್ಲೋ ಎಂದು ಜಗಳ. ಗಲಾಟೆ ಕೇಳಿ ಪಕ್ಕದ ತರಗತಿಯ ಸರ್ ಬಾಗಿಲಲ್ಲಿ ಇಣುಕಿ ನೋಡಿ ಹೋದರು. ಪಾಠಯೋಜನೆಯ ಪ್ರಕಾರ ನೋಡಿದರೆ ಆವತ್ತಿನದು ಫೇಲಾದ ಕ್ಲಾಸ್.

ಗಂಟೆ ಹೊಡೆದ ಮೇಲೆ ಮಕ್ಕಳೆಲ್ಲ ಊಟಕ್ಕೆ ಓಡಿದರು. ನಾನು ಚಾರ್ಟ್ ಸುತ್ತುತ್ತಿದ್ದಾಗ ಅವಳು ತಟ್ಟೆ ಹಿಡಿದುಕೊಂಡು ಬಾಗಿಲಿನಿಂದ ವಾಪಸ್ ಬಂದಳು. ಎಡಗಡೆಯಿಂದ ಆನೆಯನ್ನು ಜೋಪಾನವಾಗಿ ಕಿತ್ತು ಕೈಯಲ್ಲಿಟ್ಟುಕೊಂಡು ನೋಡಿದಳು.

"ರಿವಾಲ್ಡೋ ಸೊಂಡಿಲು ಇಷ್ಟು ಉದ್ದ ಇಲ್ಲ, ಮಿಸ್."

ಸೊಂಡಿಲ ತುದಿಯನ್ನು ಉಗುರಿನಿಂದ ಒತ್ತಿ ಹಿಂದಕ್ಕೆ ಮಡಿಸಿದಳು. ಆಮೇಲೆ ನನ್ನ ಕಡೆ ಕೈ ಚಾಚಿ ಅಂಟು ಕೇಳಿದಳು. ಆನೆಯನ್ನು ಸರಿಯಾಗಿ ಗೆರೆಯ ಮೇಲೆಯೇ ಅಂಟಿಸಿ, ಊಟದ ಸಾಲಿಗೆ ಓಡಿದಳು.