ಪೋರ್ಟೊದಲ್ಲಿ ಮೂರು ದಿನ: ದೂರ ನೋಡಬೇಡಿ, ಏರು ನೋಡಿ

ಸಿಡ್ನಿ, ಮೆಲ್ಬರ್ನ್‌ನಲ್ಲಿ ಜುಲೈ ಎಂದರೆ ಚಳಿ, ಜೊತೆಗೆ ಶಾಲೆಗಳಿಗೆ ರಜೆ. ಯುರೋಪಿನಲ್ಲಿ ಆಗ ಬೇಸಿಗೆ. ಊರಿನಿಂದ ಬಂದಿರುವ ಅಜ್ಜ-ಅಜ್ಜಿಯನ್ನೂ ಕರೆದುಕೊಂಡು ಪೋರ್ಚುಗಲ್‌ನ ಪೋರ್ಟೊಗೆ ಹೋಗುವ ಯೋಚನೆಯಿದೆಯೇ? ಹಾಗಾದರೆ ಹೋಟೆಲ್ ಬುಕ್ ಮಾಡುವ ಮೊದಲು ಇದನ್ನು ಓದಿ.

ಪೋರ್ಟೊ ಇರುವುದು ಡೋರೊ ನದಿಯ ದಂಡೆಯ ಗುಡ್ಡದ ಮೇಲೆ. ನದಿಗೆ ಅರ್ಧ ಕಿಲೋಮೀಟರ್ ಎಂದು ಮ್ಯಾಪ್ ತೋರಿಸಿದರೂ ಅದು ಮೆಲ್ಬರ್ನ್‌ನ ಯಾರಾ ದಂಡೆಯಂಥ ಸಮತಟ್ಟು ದಾರಿಯಲ್ಲ. ಕಲ್ಲುಹಾಸಿನ ಇಳಿಜಾರು, ನಡುನಡುವೆ ಮೆಟ್ಟಿಲು. ಅಜ್ಜಿಯ ಮಂಡಿಗೂ ಮಗುವಿನ ಪ್ರ್ಯಾಮ್‌ಗೂ ಕಷ್ಟವೇ. ಆದ್ದರಿಂದ ನದಿಯಂಚಿನ ರಿಬೇರಾ ಬಿಟ್ಟು, ಮೇಲಿನ ಸಾವೊ ಬೆಂಟೊ ರೈಲು ನಿಲ್ದಾಣದ ಹತ್ತಿರ ಉಳಿದುಕೊಳ್ಳಿ. ವಿಮಾನ ನಿಲ್ದಾಣದಿಂದ ಮೆಟ್ರೊದಲ್ಲಿ ಬಂದು, ಟ್ರಿಂಡಾಡೆಯಲ್ಲಿ ಗಾಡಿ ಬದಲಿಸಿದರೆ ಸಾಕು.

ನದಿ ನೋಡಲು ಹೀಗೆ ಹೋಗಿ. ಸಾವೊ ಬೆಂಟೊದಿಂದ ಮೆಟ್ರೊ ಹತ್ತಿದರೆ ಅದು 1886ರ ಲೂಯಿಸ್ ಸೇತುವೆಯ ಮೇಲಂತಸ್ತಿನಲ್ಲಿ ನದಿ ದಾಟುತ್ತದೆ. ಮುಂದಿನ ನಿಲ್ದಾಣದಲ್ಲೇ ಇಳಿದು ಕೇಬಲ್ ಕಾರಿನಲ್ಲಿ ದಂಡೆಗೆ ಬನ್ನಿ. ಸೇತುವೆಯ ಕೆಳ ಅಂತಸ್ತಿನಲ್ಲಿ ನಿಧಾನವಾಗಿ ನಡೆದು ರಿಬೇರಾ ನೋಡಿ. ವಾಪಸು ಏರಲು ಸೇತುವೆಯ ಪಕ್ಕದಲ್ಲೇ ಗಿಂಡಾಯಿಸ್ ಫ್ಯುನಿಕ್ಯುಲರ್ ಇದೆ.

ಕ್ಲೇರಿಗೊಸ್ ಗೋಪುರಕ್ಕೆ 200ಕ್ಕೂ ಹೆಚ್ಚು ಮೆಟ್ಟಿಲು. ಮಕ್ಕಳು ಹತ್ತಲಿ, ಹಿರಿಯರು ಸಾವೊ ಬೆಂಟೊದ ಸುಮಾರು 20,000 ನೀಲಿ-ಬಿಳಿ ಹೆಂಚುಗಳ ಚಿತ್ರಗಳನ್ನು ನೋಡುತ್ತಿರಲಿ.

ಭಾರತೀಯ ಪಾಸ್‌ಪೋರ್ಟ್ ಇರುವ ಅಜ್ಜ-ಅಜ್ಜಿಗೆ ಶೆಂಗನ್ ವೀಸಾ ಬೇಕು. ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಜುಲೈ ಪ್ರಯಾಣಕ್ಕೆ ಜನವರಿಯಲ್ಲೇ ಕಾಗದಪತ್ರ ಜೋಡಿಸಲು ಶುರುಮಾಡಿ.