ಉಮ್ಮತ್ತೂರಿನ ಕೆರೆ ಏರಿಯ ಮೇಲೆ

ಚಾಮರಾಜನಗರದಿಂದ ಸಂತೇಮರಹಳ್ಳಿಯ ಕಡೆಗೆ ಹೊರಟ ಬಸ್ಸು ಉಮ್ಮತ್ತೂರನ್ನು ಮುಟ್ಟುವ ವೇಳೆಗೆ ಪೂರ್ವಾಹ್ನದ ಬಿಸಿಲು ಏರಿತ್ತು. ಬಸ್ಸಿನಿಂದ ಇಳಿದವರು ನಾಲ್ಕೇ ಮಂದಿ. ಹತ್ತಲು ಕಾದು ನಿಂತಿದ್ದವರು ಇಪ್ಪತ್ತಕ್ಕೂ ಮಿಕ್ಕು. ಹತ್ತಿದವರಲ್ಲಿ ಹೆಚ್ಚಿನವರು ಹರೆಯದವರು, ಇಳಿದವರಲ್ಲಿ ನನ್ನನ್ನೂ ಸೇರಿಸಿ ಎಲ್ಲರೂ ವಯಸ್ಸಾದವರು. ಈ ಊರಿನ ಇಂದಿನ ಸ್ಥಿತಿಯನ್ನು ತಿಳಿಯಲು ಬೇರೆ ಸಾಕ್ಷಿ ಬೇಕಿರಲಿಲ್ಲ.

ಉಮ್ಮತ್ತೂರು ಹೊರಗಿನವರ ಕಣ್ಣಿಗೆ ಇಂದು ಒಂದು ಸಾಮಾನ್ಯ ಹಳ್ಳಿ. ಆದರೆ 15 ಮತ್ತು 16ನೆಯ ಶತಮಾನಗಳಲ್ಲಿ ಇದು ಒಂದು ಪ್ರಬಲ ಪಾಳೆಯಪಟ್ಟಿನ ರಾಜಧಾನಿಯಾಗಿತ್ತು. ವಿಜಯನಗರದ ಅರಸರಿಗೇ ತಲೆಬಾಗದೆ ನಿಂತ ಒಡೆಯರು ಇಲ್ಲಿಂದ ಆಳಿದರು. ಪೆನುಗೊಂಡೆಯ ಮೇಲೂ ಹಕ್ಕು ಸಾಧಿಸಿದ ಅವರನ್ನು ಅಡಗಿಸುವುದು ಕೃಷ್ಣದೇವರಾಯನಿಗೆ ಪಟ್ಟಕ್ಕೆ ಬಂದೊಡನೆ ಅನಿವಾರ್ಯವಾಯಿತು. 1510ರಿಂದ 1512ರವರೆಗೆ ನಡೆದ ದಂಡಯಾತ್ರೆಯಲ್ಲಿ ಉಮ್ಮತ್ತೂರಿನ ಗಂಗರಾಜನ ಆಶ್ರಯವಾಗಿದ್ದ ಶಿವನಸಮುದ್ರದ ಕೋಟೆ ಬಿದ್ದಿತು. ಗಂಗರಾಜನು ಅಲ್ಲಿಯೇ ಕಾವೇರಿಯಲ್ಲಿ ಮುಳುಗಿ ಪ್ರಾಣ ಬಿಟ್ಟನೆಂದು ಇತಿಹಾಸಕಾರರು ಹೇಳುತ್ತಾರೆ. ಮುಂದೆ 17ನೆಯ ಶತಮಾನದ ಆರಂಭದಲ್ಲಿ ಮೈಸೂರಿನ ರಾಜ ಒಡೆಯರು ಈ ಸೀಮೆಯನ್ನು ತಮ್ಮ ರಾಜ್ಯಕ್ಕೆ ಸೇರಿಸಿಕೊಂಡರು. ಅಂದಿನ ವೈಭವ ಇಂದು ಶಾಸನಗಳಲ್ಲಿಯೂ ಹಳೆಯ ದೇವಾಲಯದ ಕಲ್ಲುಗಳಲ್ಲಿಯೂ ಮಾತ್ರ ಉಳಿದಿದೆ.

ಹೆಚ್ಚುಕಡಿಮೆ ಅದೇ ಕಾಲದ ಇನ್ನೊಂದು ಹೆಸರನ್ನು ಇಲ್ಲಿ ನೆನೆಯಬೇಕು. ಇದೇ ಸೀಮೆಯ ಒಬ್ಬ ಪಾಳೆಯಗಾರರು ರಾಜ್ಯವನ್ನು ತೊರೆದು ಕೊಳ್ಳೇಗಾಲದ ಕಡೆಯ ಶಂಭುಲಿಂಗನ ಬೆಟ್ಟದಲ್ಲಿ ತಪೋನಿರತರಾದರೆಂದು ಪ್ರತೀತಿ. ಅವರೇ 'ವಿವೇಕ ಚಿಂತಾಮಣಿ'ಯನ್ನು ರಚಿಸಿದ ನಿಜಗುಣ ಶಿವಯೋಗಿಗಳು. ಕೋಟೆಯನ್ನು ಬಿಗಿಹಿಡಿದ ಅರಸನ ಹೆಸರು ಅವನ ಊರಿನವರಿಗೇ ಮರೆತಿದೆ. ಕೋಟೆಯನ್ನು ಬಿಟ್ಟ ಶಿವಯೋಗಿಗಳ ಕೈವಲ್ಯ ಪದಗಳನ್ನು ಅಕ್ಷರ ಬಾರದವರೂ ಹಾಡುತ್ತಾರೆ. ಹಿಡಿದುಕೊಂಡದ್ದು ಉಳಿಯದೆ ಹಂಚಿದ್ದು ಉಳಿಯಿತೆಂಬುದಕ್ಕೆ ಈ ಸೀಮೆಯೇ ನಿದರ್ಶನ.

ನಾನು ಅಂದು ಉಮ್ಮತ್ತೂರಿಗೆ ಹೋದದ್ದು ಶಾಸನ ನೋಡುವುದಕ್ಕಲ್ಲ. ಪರಿಚಿತರಾದ ಒಬ್ಬ ಭಕ್ತರ ಮನೆಯಲ್ಲಿ ಲಿಂಗಧಾರಣೆಯ ಸಮಾರಂಭವಿತ್ತು. ಪೂಜೆ ಪ್ರಸಾದಗಳು ಮುಗಿದ ಬಳಿಕ ಮನೆಯ ಯಜಮಾನರು ನನ್ನನ್ನು ಕೆರೆ ಏರಿಯ ಕಡೆಗೆ ಕರೆದುಕೊಂಡು ಹೋದರು. ಎಪ್ಪತ್ತು ದಾಟಿದ ಬೇಸಾಯಗಾರರು. ಹಿರಿಯ ಮಗ ನಂಜನಗೂಡಿನ ಕಾರ್ಖಾನೆಯಲ್ಲಿ ದುಡಿಯುತ್ತಾನೆ, ಕಿರಿಯವನು ಬೆಂಗಳೂರಿನಲ್ಲಿದ್ದಾನೆ. ಇರುವ ನಾಲ್ಕು ಎಕರೆಯನ್ನು ಮಾರಿ ಮೈಸೂರಿನಲ್ಲಿ ನಿವೇಶನ ಕೊಳ್ಳೋಣವೆಂದು ಮಕ್ಕಳ ಒತ್ತಾಯ.

"ಮಾರ್ಬುಡ್ಲಾ ಬುದ್ಧಿ? ನೀವು ಏನಂದ್ರೆ ಅದು" ಎಂದು ಅವರು ಕೇಳಿದರು.

ಧರ್ಮಸೂಕ್ಷ್ಮಗಳ ಬಗ್ಗೆ ಕೇಳಿದ್ದರೆ ಉತ್ತರಿಸುವುದು ಸುಲಭವಾಗುತ್ತಿತ್ತು. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. "ಮುಂದಿನ ಶಿವರಾತ್ರಿಯವರೆಗೆ ಅವಸರ ಮಾಡಬೇಡಿ, ನಾನೂ ಯೋಚಿಸುತ್ತೇನೆ" ಎಂದಷ್ಟೇ ಹೇಳಿದೆ.

ಈ ಪ್ರಶ್ನೆ ಒಂದು ಮನೆಯದಲ್ಲ. ಚಾಮರಾಜನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 9,65,462 ಇದ್ದದ್ದು 2011ರಲ್ಲಿ 10,20,791 ಆಯಿತು. ಹತ್ತು ವರ್ಷಗಳಲ್ಲಿ ನೂರಕ್ಕೆ ಆರರಷ್ಟೂ ಏರಲಿಲ್ಲ. ಅದೇ ಅವಧಿಯಲ್ಲಿ ಇಡೀ ರಾಜ್ಯದ ಏರಿಕೆ ನೂರಕ್ಕೆ ಹದಿನೈದನ್ನು ಮೀರಿತ್ತು. ಜನನ ಕಡಿಮೆಯಾದದ್ದರ ಜೊತೆಗೆ ಜನ ಊರು ಬಿಟ್ಟದ್ದೂ ಇದಕ್ಕೆ ಕಾರಣ. 2011ರಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ 75 ದಾಟಿದ್ದಾಗ ಈ ಜಿಲ್ಲೆಯದು 61ರ ಆಸುಪಾಸಿನಲ್ಲಿತ್ತು. ಪಟ್ಟಣವಾಸಿಗಳು ನೂರಕ್ಕೆ ಹದಿನೇಳು ಮಂದಿ ಮಾತ್ರ. ಅಂದರೆ ಇದು ಇನ್ನೂ ಹಳ್ಳಿಗಳ ಜಿಲ್ಲೆಯೇ; ಆದರೆ ಹಳ್ಳಿಯ ಹರೆಯ ಪಟ್ಟಣದ ದಾರಿ ಹಿಡಿದಿದೆ.

ಜಿಲ್ಲೆ ಹಿಂದುಳಿದುದಕ್ಕೆ ಮಳೆಯ ಕೊರತೆಯೊಂದೇ ಕಾರಣವಲ್ಲ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆಂಬ ಮೂಢನಂಬಿಕೆ ಬಹುಕಾಲ ಬೇರೂರಿತ್ತು. 1997ರಲ್ಲಿ ಹೊಸ ಜಿಲ್ಲೆಯ ಉದ್ಘಾಟನೆಯೂ ಮಲೆಮಹದೇಶ್ವರ ಬೆಟ್ಟದಲ್ಲಿ ನಡೆಯಿತೇ ಹೊರತು ಜಿಲ್ಲಾ ಕೇಂದ್ರದಲ್ಲಿ ನಡೆಯಲಿಲ್ಲ. 2013ರಲ್ಲಿ ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಊರಿಗೆ ಬಂದು, ಬಳಿಕ ತಮ್ಮ ಅವಧಿಯನ್ನು ಪೂರ್ಣವಾಗಿಯೇ ಆಳಿದರು. ಶಕುನ, ತಿಥಿ, ಗ್ರಹಗಳ ಭಯವನ್ನು ಎಂಟುನೂರು ವರ್ಷಗಳ ಹಿಂದೆಯೇ ಶರಣರು ನಿರಾಕರಿಸಿದ್ದರು. ಅವರನ್ನು ನಿತ್ಯ ಸ್ಮರಿಸುವ ನಾವೂ ಈ ಮಾತನ್ನು ತಮಾಷೆಗೆಂಬಂತೆ ಹೇಳಿಕೊಂಡು ನಕ್ಕೆವಲ್ಲದೆ ಗಟ್ಟಿಯಾಗಿ ಖಂಡಿಸಲಿಲ್ಲ.

ಇನ್ನು ನೀರಿನ ಮಾತು. ಪಶ್ಚಿಮ ಘಟ್ಟಗಳ ಮಳೆನೆರಳಿನ ಈ ಸೀಮೆಯಲ್ಲಿ ಕೆರೆಯೆಂದರೆ ಬರಿಯ ಹೊಂಡವಲ್ಲ, ಊರಿನ ಕಣಜ. ಕೆರೆ ತುಂಬಿದರೆ ಸುತ್ತಣ ಬಾವಿ, ಕೊಳವೆಬಾವಿಗಳು ಬದುಕುತ್ತವೆ. ಕೆರೆ ಬತ್ತಿದರೆ ರೈತನು ಸಾಲ ಮಾಡಿ ಇನ್ನೂ ಆಳಕ್ಕೆ ಕೊರೆಸುತ್ತಾನೆ, ನೀರು ಬಾರದಿದ್ದರೆ ಸಾಲ ಮಾತ್ರ ಉಳಿಯುತ್ತದೆ. ಆಲಂಬೂರು, ಸುತ್ತೂರುಗಳ ಬಳಿ ಕಬಿನಿಯ ನೀರನ್ನು ಎತ್ತಿ ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳ ಕೆರೆಗಳಿಗೆ ಹರಿಸುವ ಏತ ನೀರಾವರಿ ಯೋಜನೆಗಳು ಬಂದಿವೆ. ಉಮ್ಮತ್ತೂರಿನ ಕೆರೆಗೂ ನೀರು ಬರಲೆಂದು ರೈತರು ಬೀದಿಗಿಳಿದು ಹೋರಾಡಿದ್ದಾರೆ. ಆದರೆ ಕೊಳವೆಯಲ್ಲಿ ಬರುವ ನೀರು ವಿದ್ಯುತ್ತನ್ನೂ ನದಿಯ ಮಟ್ಟವನ್ನೂ ನಂಬಿಕೊಂಡಿರುತ್ತದೆ. ಹಿರಿಯರು ತೋಡಿದ ಪೋಷಕ ಕಾಲುವೆಗಳು ಮುಚ್ಚಿಹೋಗಿ ಹೂಳು ತುಂಬಿದ್ದರೆ ಬಿದ್ದ ಮಳೆಯೂ ಕೆರೆಯನ್ನು ಸೇರದು. ಅವನ್ನು ಬಿಡಿಸುವುದಕ್ಕೆ ಸರಕಾರದ ಆದೇಶಕ್ಕಿಂತ ಮೊದಲು ಊರಿನ ಒಮ್ಮತ ಬೇಕು.

ಇಲ್ಲೊಂದು ವಿಚಿತ್ರವನ್ನು ವಾಚಕರು ಗಮನಿಸಬೇಕು. ಗಂಗರಾಜನು ಮುಳುಗಿದನೆನ್ನುವ ಆ ಶಿವನಸಮುದ್ರದಿಂದಲೇ 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿಗೂ ವಿದ್ಯುತ್ತು ಹರಿಯಿತು. ಅಲ್ಲಿಗೆ ಸಮೀಪದ ತೊರೆಕಾಡನಹಳ್ಳಿಯಿಂದ 1974ರಲ್ಲಿ ಬೆಂಗಳೂರಿಗೆ ಕಾವೇರಿ ನೀರು ಹೊರಟಿತು. 2024ರ ಅಕ್ಟೋಬರಿನಲ್ಲಿ ಅದರ ಐದನೆಯ ಹಂತವೂ ಉದ್ಘಾಟನೆಯಾಯಿತು. ಅದಕ್ಕೂ ಮೊದಲು 2024ರ ಬೇಸಿಗೆಯಲ್ಲಿ ಆ ಮಹಾನಗರದ ಅನೇಕ ಬಡಾವಣೆಗಳಲ್ಲಿ ನಮ್ಮವರು ಟ್ಯಾಂಕರಿಗಾಗಿ ಕಾದು ನಿಂತರು. ಊರಿನಲ್ಲಿ ನೀರಿಲ್ಲವೆಂದು ಹೊರಟವನು ಪಟ್ಟಣದಲ್ಲಿಯೂ ನೀರಿಗೇ ಕಾಯುತ್ತಾನೆ. ಬಾಡಿಗೆಯ ಹೊರೆ, ಇಬ್ಬರೂ ದುಡಿಯಬೇಕಾದ ಸಂಸಾರ, ಬಾಗಿಲು ಮುಚ್ಚಿದ ಮನೆಯಲ್ಲಿ ಒಂಟಿಯಾದ ಹಿರಿಯರು, ಇಷ್ಟಲಿಂಗಪೂಜೆಯನ್ನು ಹೇಳಿಕೊಡುವವರಿಲ್ಲದ ಮಕ್ಕಳು: ಇವು ಅಲ್ಲಿಯ ಕಷ್ಟಗಳು. ಹಳ್ಳಿಯೂ ಪಟ್ಟಣವೂ ಒಂದೇ ನದಿಯ ನೀರನ್ನು ಕುಡಿಯುವ ಎರಡು ಮನೆಗಳು. ಒಂದರ ಬಾಯಾರಿಕೆ ಇನ್ನೊಂದಕ್ಕೆ ಹೊರತಲ್ಲ.

ಹಾಗಾದರೆ ಪಟ್ಟಣಕ್ಕೆ ಹೋಗುವುದೇ ತಪ್ಪೇ? ಖಂಡಿತ ಅಲ್ಲ. ಸುತ್ತೂರು ಶ್ರೀಮಠದ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು 1941ರಲ್ಲಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ತೆರೆದದ್ದು ಹಳ್ಳಿಯ ಮಕ್ಕಳು ಪಟ್ಟಣಕ್ಕೆ ಬಂದು ಓದಲೆಂದೇ. ನಾನೂ ಮಠದ ಪ್ರಸಾದವನ್ನುಂಡು ಅಕ್ಷರ ಕಲಿತವನು. ಸುಗ್ಗಿ ಮುಗಿದೊಡನೆ ಹಳ್ಳಿಗಳಿಂದ ಗಾಡಿಗಳಲ್ಲಿ ರಾಗಿ, ಭತ್ತ, ಹುರುಳಿ ಮಠದ ಕಣಜಕ್ಕೆ ಬರುತ್ತಿದ್ದುದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಕೊಟ್ಟವರಲ್ಲಿ ಅರೆಹೊಟ್ಟೆಯವರೂ ಇದ್ದರು. ಆ ರಾಗಿಯನ್ನುಂಡವರು ಇಂಜಿನಿಯರರಾದರು, ವೈದ್ಯರಾದರು, ಅಧಿಕಾರಿಗಳಾದರು. ಆ ಋಣ ತೀರಿತೇ?

ವರ್ಷಕ್ಕೊಮ್ಮೆ ಜಾತ್ರೆಗೆ ಬಂದು, ಗೋಪುರಕ್ಕೆ ಕಾಣಿಕೆ ಕೊಟ್ಟು ಹೆಸರು ಕೆತ್ತಿಸಿದರೆ ದಾಸೋಹವಾಗದು. ಕೊಟ್ಟೆನೆಂಬ ಅಹಂ ಅಳಿದು ಸಮಾಜಕ್ಕೆ ಸಲ್ಲುವುದೇ ದಾಸೋಹ. ಆ ಸಮಾಜವೂ ನಮ್ಮ ಕೇರಿಗೆ ಮುಗಿಯುವುದಲ್ಲ. ಕೆರೆಯ ನೀರು ಉಪ್ಪಾರರ ಹೊಲ, ದಲಿತರ ಹೊಲ, ಲಿಂಗಾಯತರ ಹೊಲ ಎಂದು ನೋಡಿ ಇಂಗುವುದಿಲ್ಲ. ಊರಿನ ಬಳಿಯ ಹುಲ್ಲುಗಾವಲಿನಲ್ಲಿ ಮೇಯುವ ಕೃಷ್ಣಮೃಗಗಳಿಗೂ ಅದರಲ್ಲಿ ಪಾಲುಂಟು. ಕೆರೆಯ ಕೆಲಸಕ್ಕೆ ಎಲ್ಲ ಕೇರಿಗಳೂ ಒಂದೇ ಪಂಕ್ತಿಯಲ್ಲಿ ಕುಳಿತು ಮಾತನಾಡದಿದ್ದರೆ ಅನುಭವ ಮಂಟಪದ ಹೆಸರನ್ನು ನಾವು ಹೇಳಿ ಫಲವಿಲ್ಲ.

ಅವಕಾಶಗಳು ಇಲ್ಲದಿಲ್ಲ. ಸಮೀಪದ ಕುದೇರಿನಲ್ಲಿಯೇ ಜಿಲ್ಲಾ ಹಾಲು ಒಕ್ಕೂಟದ ಡೇರಿಯಿದೆ. ಹಸುವಿರುವ ಮನೆಯ ತಾಯಂದಿರ ಕೈಗೆ ಅದರಿಂದ ಕಾಸು ಬರುತ್ತಿದೆ. ಬದನಗುಪ್ಪೆ ಕೆಲ್ಲಂಬಳ್ಳಿಗಳಲ್ಲಿ ಕೈಗಾರಿಕಾ ಪ್ರದೇಶ ಎದ್ದಿದೆ. 2016ರಲ್ಲಿ ಜಿಲ್ಲೆಗೆ ಸರಕಾರಿ ವೈದ್ಯಕೀಯ ಕಾಲೇಜು ಬಂದಿತು. 2023ರ ಜೂನಿನಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆಯಿಲ್ಲ. ಊರಿನಲ್ಲಿಯೇ ಇದ್ದು ಓದುವ, ದುಡಿಯುವ ದಾರಿ ನಮ್ಮ ಕಾಲಕ್ಕಿಂತ ಇಂದು ಅಗಲವಾಗಿದೆ.

ಶಿವರಾತ್ರಿಯ ಬಳಿಕ ಮತ್ತೆ ಉಮ್ಮತ್ತೂರಿಗೆ ಹೋದೆ. ಆ ಹಿರಿಯರು ಕಿರಿಯ ಮಗನ ಪಾಲಿನ ಎರಡು ಎಕರೆಯನ್ನು ಮಾರಿದ್ದರು. ನಾನು ಹೇಳುವುದನ್ನು ಕಾಯಲು ಅವನ ಸಾಲಗಾರರು ಸಿದ್ಧರಿರಲಿಲ್ಲ. ಹಿರಿಯ ಮಗ ಮಾತ್ರ ತನ್ನ ಪಾಲನ್ನು ಉಳಿಸಿಕೊಂಡು, ಊರಿನಿಂದಲೇ ನಂಜನಗೂಡಿಗೆ ಹೋಗಿಬರಲು ತೊಡಗಿದ್ದ. ಸೊಸೆ ಎರಡು ಹಸು ಕಟ್ಟಿದ್ದಳು. ಪೂರ್ಣ ಸಂತೋಷವೂ ಅಲ್ಲ, ಪೂರ್ಣ ದುಃಖವೂ ಅಲ್ಲ.

"ಅರ್ಧ ಹೋಯ್ತು, ಅರ್ಧ ಉಳೀತು ಬುದ್ಧಿ" ಎಂದರು.

ಉಳಿದ ಅರ್ಧಕ್ಕೆ ನೀರುಣಿಸುವ ಕೆಲಸ ಯಾರದು? ಈ ಪತ್ರಿಕೆಯನ್ನು ಮೈಸೂರು, ಬೆಂಗಳೂರುಗಳಲ್ಲಿ ಕುಳಿತು ಓದುವ ಬಂಧುಗಳು ತಮ್ಮ ತಮ್ಮ ಊರಿನ ಕೆರೆಯ ಹೆಸರನ್ನೊಮ್ಮೆ ನೆನಪಿಸಿಕೊಳ್ಳಲಿ. ಮುಂದಿನ ಜಾತ್ರೆಗೆ ಬಂದಾಗ ದೇವರ ದರ್ಶನ ಮುಗಿಸಿ ಆ ಕೆರೆಯ ಏರಿಯವರೆಗೂ ನಡೆದು ಬರಲಿ. ಏನು ಮಾಡಬೇಕೆಂಬುದನ್ನು ಅಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ.