ಮಳೆ ನಿಂತರೂ ನಿಲ್ಲದ ಹನಿ

ಅವ್ವ ಪುಣೆಗೆ ಬಂದು ನಮ್ಮೊಡನೆ ನೆಲೆಸಿದ ಮೇಲೆ ಕನ್ನಡ ಚಾನೆಲ್ಲು ಬರೀ ಮನರಂಜನೆಯ ವಿಷಯವಾಗಿ ಉಳಿಯಲಿಲ್ಲ. ಮಕ್ಕಳು ತಮ್ಮತಮ್ಮಲ್ಲಿ ಆಡುವುದು ಮರಾಠಿ, ಹಿಂದಿ. ನಾವಿಬ್ಬರೂ ಸಂಜೆಯವರೆಗೆ ಆಫೀಸಿನಲ್ಲಿ. ಹಗಲೆಲ್ಲ ಅವಳ ಕಿವಿಗೆ ಬೀಳುವ ಕನ್ನಡ ತಾರಸಿಯ ಡಿಶ್ಶಿನಿಂದ ಮೂವತ್ತು ಮೀಟರ್ ಕಪ್ಪು ವೈರಿನಲ್ಲಿ ಇಳಿದು ಬರಬೇಕು.

ಮಳೆಗಾಲದಲ್ಲಿ ಅದೂ ಕೈಕೊಟ್ಟಿತು. “ಮತ್ತ ಚೌಕ ಚೌಕ ಆತು ನೋಡಪಾ” ಎಂದು ಅವ್ವನ ಫೋನು. ಟೆಕ್ನಿಷಿಯನ್‌ನದು ಒಂದೇ ಉತ್ತರ: “ಮಳೆ ಸರ್.” ಅದು ಅರ್ಧ ಸತ್ಯ. ಡಿಟಿಎಚ್ ಬಳಸುವ ಕೆಯು ಬ್ಯಾಂಡಿನ ಅಲೆಗಳನ್ನು ಜೋರು ಮಳೆ ಹೀರುವುದು ನಿಜ. ಆದರೆ ಮೋಡ ಸರಿದರೆ ಆ ಚಿತ್ರ ತಾನಾಗಿ ಮರಳುತ್ತದೆ. ಮಳೆ ನಿಂತು ಗಂಟೆಗಳಾದರೂ ಬಾರದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಜೋಡಣೆಯನ್ನು. ಕನೆಕ್ಟರಿನೊಳಗೆ ನೀರು ಕೂತಿರುತ್ತದೆ.

ಡಿಶ್ಶಿನ ಮೂತಿಯಲ್ಲಿರುವ ಎಲ್‌ಎನ್‌ಬಿ ಉಪಗ್ರಹದ ಸಂಕೇತವನ್ನು 950ರಿಂದ 2150 ಮೆಗಾಹರ್ಟ್ಸ್‌ಗೆ ಇಳಿಸಿ ವೈರಿಗೆ ಬಿಡುತ್ತದೆ. ಹಳೆಯ ಕೇಬಲ್ ಟೀವಿಗೆ ಸಾಕಾಗುತ್ತಿದ್ದ ತೆಳು ಆರ್‌ಜಿ-59 ಇಲ್ಲಿ ಸೋಲುತ್ತದೆ. ಬೇಕಾದದ್ದು 75 ಓಮ್‌ನ ಆರ್‌ಜಿ-6. ಅದರಲ್ಲೂ ಮೇಲಿನ ಆವರ್ತನದಲ್ಲಿ ಮೂವತ್ತು ಮೀಟರಿಗೆ ಸುಮಾರು 10 ಡೆಸಿಬಲ್ ನಷ್ಟ. ಅಂದರೆ ಹತ್ತು ಪಾಲಿನಲ್ಲಿ ಕೆಳಗೆ ತಲುಪುವುದು ಒಂದೇ. ಆರ್‌ಜಿ-59 ಇನ್ನೆರಡು ಮೂರು ಡೆಸಿಬಲ್ ತಿನ್ನುತ್ತದೆ. ಮೂರು ಡೆಸಿಬಲ್ ಹೋದರೆ ಆ ಒಂದು ಪಾಲಿನಲ್ಲೂ ಅರ್ಧ ಹೋದಂತೆ.

ಅಂಗಡಿಗೆ ಹೋಗುವಾಗ ಸಣ್ಣ ಅಯಸ್ಕಾಂತ ಒಯ್ಯಿರಿ. ನಡುವಿನ ತಂತಿ ಅದಕ್ಕೆ ಅಂಟಿದರೆ ಒಳಗೆ ಉಕ್ಕು, ಮೇಲೆ ತಾಮ್ರದ ಲೇಪ. ಟೀವಿ ಸಂಕೇತ ತಂತಿಯ ಹೊರಮೈಯಲ್ಲೇ ಹರಿಯುವುದರಿಂದ ಅದಕ್ಕೆ ತೊಂದರೆಯಿಲ್ಲ. ಆದರೆ ಸೆಟ್‌ಟಾಪ್ ಬಾಕ್ಸು ಇದೇ ವೈರಿನಲ್ಲಿ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಕಳಿಸುತ್ತದೆ. ಆ ಕರೆಂಟಿಗೆ ಉಕ್ಕು ಹೆಚ್ಚು ಅಡ್ಡಿ. ಹತ್ತು ಮೀಟರಿಗೆ ಲೇಪದ್ದೂ ನಡೆದೀತು. ಏಳು ಮಹಡಿ ಇಳಿಯುವ ವೈರಿಗೆ ಅಪ್ಪಟ ತಾಮ್ರವೇ ಲೇಸು.

ಇಷ್ಟೆಲ್ಲ ಆಯ್ದು ತಂದರೂ ಕೆಡಿಸುವುದು ತುದಿಯ ಎಫ್ ಕನೆಕ್ಟರು. ಕೈಯಲ್ಲಿ ತಿರುಗಿಸಿ ಹಾಕುವ ಬಗೆ ಅಗ್ಗ. ಗಾಳಿಗೆ ಸಡಿಲಾಗುತ್ತದೆ, ನೀರು ಕುಡಿಯುತ್ತದೆ. ಉಪಕರಣದಿಂದ ಒತ್ತಿ ಕೂರಿಸುವ ಕಂಪ್ರೆಷನ್ ಬಗೆ ವೈರನ್ನು ಸುತ್ತಲೂ ಬಿಗಿಯಾಗಿ ಹಿಡಿಯುತ್ತದೆ. ಅದು ವೈರಿನ ಅಳತೆಯದೇ ಆಗಿರಬೇಕು. ಹೆಣಿಗೆಯ ಒಂದೇ ಒಂದು ಎಳೆ ನಡುತಂತಿಗೆ ತಾಗಿದರೂ ಶಾರ್ಟ್. ನಮ್ಮ ವೈರಿನ ತುದಿ ಬಿಚ್ಚಿದಾಗ ಹೆಣಿಗೆ ಹಸಿರುಗಟ್ಟಿತ್ತು. ಅಷ್ಟುದ್ದ ಕತ್ತರಿಸಿ, ಹೊಸ ಕನೆಕ್ಟರ್ ಒತ್ತಿಸಿ, ನೀರು ತಡೆಯುವ ರಬ್ಬರ್ ಟೇಪು ಸುತ್ತಿಸಿದೆ. ಹನಿ ಹೊರಗೇ ತೊಟ್ಟಿಕ್ಕಲೆಂದು ವೈರನ್ನು ಜೋಡಣೆಗಿಂತ ಕೆಳಗೆ ಒಂದು ಸುತ್ತು ಜೋತು ಬಿಡಿಸಿದೆ.

ಸುರಿಮಳೆಗೆ ಈಗಲೂ ಚಿತ್ರ ನಿಲ್ಲುತ್ತದೆ. “ಹೊರಪಾದ್ರ ಬರ್ತದ” ಎಂದು ಅವ್ವ ಕಾಯುತ್ತಾಳೆ, ಬರುತ್ತದೆ.

ಬಾಡಿಗೆ ಮನೆ ನೋಡುವಾಗ ನಲ್ಲಿ ತಿರುಗಿಸಿ ನೋಡುತ್ತೇವೆ, ಫ್ಯಾನು ಹಾಕಿ ನೋಡುತ್ತೇವೆ. ಊರಿನಿಂದ ಹಿರಿಯರನ್ನು ಕರೆತರುವ ಯೋಚನೆಯಿದ್ದರೆ ಟೀವಿ ಗೋಡೆಯಿಂದ ಇಣುಕುವ ವೈರಿನ ಮೇಲೆ ಏನು ಅಚ್ಚಾಗಿದೆ ಎಂಬುದನ್ನೂ ಓದಿಕೊಳ್ಳಿ.